ಸೋಮವಾರದ ಗಾಣ

“ಎತ್ತು ಹೂಡ್ರಿ ಅವ್ವಾ, ನಾ ತೂಕ ಹಿಡೀತೀನಿ” ಎಂದು ನಿಜಾಮುದ್ದೀನ ವಕೀಲರು ತಕ್ಕಡಿ ಕೆಳಗಿಟ್ಟು ಕೋಟು ಕಳಚಿದಾಗಲೇ ನೀಲವ್ವನಿಗೆ ತಾನು ಮಾಡಿಕೊಂಡ ಎಡವಟ್ಟು ತಿಳಿದದ್ದು.

“ಇವತ್ತ ಸೋಮವಾರರಿ” ಎಂದಳು ಮೆಲ್ಲಗೆ.

“ಅದಕ್ಕೇನೀಗ?”

“ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲರಿ ನಾವು.”

ಧಾರವಾಡದ ಪೇಟೆಯಲ್ಲಿ ಹುಟ್ಟಿ ಬೆಳೆದ ವಕೀಲರು ಅವಳನ್ನೂ ಎತ್ತನ್ನೂ ಒಂದೊಂದು ಸಲ ನೋಡಿದರು. “ಮತ್ತ ಸೋಮವಾರ ಬರ್ರಿ ಅಂತ ಕೋರ್ಟಿನ್ಯಾಗ ಹೇಳಿದವ್ರು ನೀವ ಅಲ್ಲೇನು?”

“ನಿಮ್ಮ ಮನಿಗೆ ಯಾವತ್ತ ಬರ್ಲಿ ಅಂತ ಕೇಳಿದ್ರಿ. ಬಂದವ್ರನ್ನ ಕುಂಡ್ರಿಸಿ ಮಾತಾಡ್ಸಾಕ ಕೈಬಿಡುವು ಇರೂದು ಅದೊಂದ ದಿನರಿ. ಹೋಳಿಗಿ ಮಾಡೀನಿ.”

ಹೀಗೆ, ಕೋರ್ಟು ಕಳಿಸಿದ ಕಮಿಷನರನ್ನು ನೀಲವ್ವ ಬೀಗರನ್ನು ಕರೆದ ಹಾಗೆ ಕರೆದಿದ್ದಳು. ಖಟ್ಲೆಯೇನೂ ದೊಡ್ಡದಲ್ಲ, ಅವಳ ಪಾಲಿಗೆ ಮಾತ್ರ ಅದಕ್ಕಿಂತ ದೊಡ್ಡದಿರಲಿಲ್ಲ. ವರ್ಷದ ಹಿಂದಿನವರೆಗೆ ಅವಳ ರಾಜೂರು ಒಂದು ರಾಜ್ಯ, ಹೊಲಗಳಾಚೆ, ಅವಳಂತೆಯೇ ಗಾಣ ನಡೆಸುವ ಪ್ರಭುಲಿಂಗಪ್ಪನ ಊರು ಇನ್ನೊಂದು. ಈಗ ಕನ್ನಡ ಸೀಮೆಗಳು ಕೂಡಿ ಎರಡೂ ಒಂದೇ ರಾಜ್ಯ. ಆದರೆ ಆ ಕಡೆಯ ಗಾಣದವರಿಗೆ ಮೊದಲಿನಿಂದ ಸಿಗುತ್ತಿದ್ದ ಸರಕಾರದ ಸಹಾಯಧನ ಹಾಗೇ ನಡೆದಿತ್ತು. ಈ ಕಡೆಯವರಿಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಗಜೇಂದ್ರಗಡದ ಸಂತೆಯಲ್ಲಿ ಇಬ್ಬರೂ ಒಂದೇ ಬೇವಿನ ನೆರಳಿಗೆ ಕೂತು ಒಂದೇ ಕುಸುಬಿ ಎಣ್ಣೆ ಮಾರುತ್ತಿದ್ದರು. ಅವನದು ಅಗ್ಗ, ಇವಳದು ತುಟ್ಟಿ. ಇನ್ನೊಂದು ಸುಗ್ಗಿ ಹೀಗೇ ಕಳೆದರೆ ತವರಿನಿಂದ ಬಂದ ಗಾಣವನ್ನು ಕಿತ್ತು ಒಲೆಗೆ ಹಾಕಬೇಕು. ಇಬ್ಬರಿಗೂ ಒಂದೇ ನ್ಯಾಯ ಮಾಡಿರೆಂದು ಅವಳು ಕೋರ್ಟಿಗೆ ಹೋದಳು. ಸರಕಾರದ ವಕೀಲರು, ಆಚೆಯ ಗಾಣಗಳ ಜಾತಿಯೇ ಬೇರೆ, ಎಣ್ಣೆ ಕಡಿಮೆ ಇಳಿಯುತ್ತದೆ, ಅದಕ್ಕೇ ಸಹಾಯ ಎಂದರು. ಹಾಗಾದರೆ ಎರಡನ್ನೂ ನೋಡಿ ಬನ್ನಿ ಎಂದು ನ್ಯಾಯಾಧೀಶರು ನಿಜಾಮುದ್ದೀನ ವಕೀಲರನ್ನು ಕಳಿಸಿದ್ದರು.

“ನಾಳೆ ಮುಂಜಾನೆ ವರದಿ ಕೊಡಬೇಕವ್ವಾ. ಅವನ ಗಾಣ ನಡೀತು, ನಿಮ್ಮದು ನಡೀಲಿಲ್ಲ ಅಂತ ಬರದ್ರ ಖಟ್ಲೆ ಅಲ್ಲೇ ಬೀಳ್ತದ.”

ನೀಲವ್ವ ಎತ್ತಿನ ಹತ್ತಿರ ಹೋಗಿ ನೊಗದ ಮೇಲೆ ಕೈಯಿಟ್ಟಳು. ಒಂದೇ ಒಂದು ಗಳಿಗೆ, ನಾಲ್ಕು ಸುತ್ತು ತಿರುಗಿದರೆ ಮುಗಿಯಿತು. ಎತ್ತು ಅವಳ ಸೆರಗನ್ನು ಮೂಸಿ ಮತ್ತೆ ಮೆಲುಕು ಹಾಕತೊಡಗಿತು. ಆರು ದಿನವೂ ಕಿರುಗುಟ್ಟುವ ಗಾಣ ಸುಮ್ಮನಾದಾಗ ಸೋಮವಾರ ಆ ಮನೆಗೆ ಕಿವಿಯಲ್ಲಿ ಹತ್ತಿ ಇಟ್ಟ ಹಾಗೆ ಆಗುತ್ತಿತ್ತು. ಆ ಮೌನದಲ್ಲಿ ಎಣ್ಣೆಯ ಕಂಪು, ಗೋಡೆಯ ಬೆಳಕಿಂಡಿ, ತನ್ನದೇ ಕೈ, ಎಲ್ಲವೂ ಯಾರೋ ಕಂಡ ಕನಸಿನವೆಂಬಂತೆ ದೂರ ನಿಂತವು. ಅವಳಿಂದ ಆಗಲಿಲ್ಲ. ಕೈ ತೆಗೆದಳು. ಬಂದವರಿಗೆ ಹೋಳಿಗೆ ಬಡಿಸಿದಳು. ವಕೀಲರು ಗೊಣಗುತ್ತಲೇ ಮೂರು ಉಂಡರು.

ಆಮೇಲೆ ಇಬ್ಬರೂ ಆಚೆಯ ಊರಿಗೆ ನಡೆದರು. ಕುಸುಬಿ ಹೂಬಿಟ್ಟ ಕಾಲ. ಎರಡೂ ಕಡೆ ಹಳದಿಯೋ ಹಳದಿ. ಬಿಸಿಲಿನಲ್ಲಿ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯದ ಹಾಗೆ ನೀಲವ್ವ ತೇಲಿಕೊಂಡು ಹೋಗುತ್ತಿದ್ದಳು. ಹಳೆಯ ಗಡಿ ಎಲ್ಲಿ ದಾಟಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಊರು ಹತ್ತಿರವಾದಂತೆ ಅವಳಿಗೆ ಗಾಣದ ಕಿರುಗುಟ್ಟುವಿಕೆ ಕೇಳಿಸಿತು. ಅವನು ಹೂಡಿದ್ದರೆ ಖಟ್ಲೆ ಹೋದಂತೆಯೇ. ನಾಲ್ಕು ತಲೆಮಾರು ನಿಜಾಮನ ಸೀಮೆಯಲ್ಲಿ ಬಾಳಿದವರು, ಅವರ ಸೋಮವಾರ ಬೇರೆಯೇ ಇರಬಹುದು. ನಿಂತು ಕಿವಿಗೊಟ್ಟಳು. ಸಪ್ಪಳ ಇರಲಿಲ್ಲ. ಇದ್ದದ್ದು ಅವಳ ತಲೆಯೊಳಗೆ.

ಪ್ರಭುಲಿಂಗಪ್ಪನ ಅಂಗಳದಲ್ಲಿ ಎತ್ತು ಮೈತೊಳೆಸಿಕೊಂಡು, ಹಣೆಗೆ ವಿಭೂತಿ ಬಳಿಸಿಕೊಂಡು ಹಿಂಡಿ ತಿನ್ನುತ್ತಿತ್ತು. ಗಾಣ ತೆಪ್ಪಗೆ ನಿಂತಿತ್ತು.

“ಇವತ್ತ ಆಗೂದಿಲ್ಲರಿ ಸಾಹೇಬ್ರ” ಎಂದ ಅವನು, ವಕೀಲರು ಬಾಯಿ ತೆರೆಯುವ ಮೊದಲೇ.

“ನಿಮ್ಮ ಸಹಾಯಧನ ಹೋದೀತು, ನೋಡ್ರಿ ಮತ್ತ.”

“ಹೋದ್ರ ಹೋಗ್ಲಿ. ಸೋಮವಾರ ಹಿಂಡಿದ ಎಣ್ಣಿ ನಾವು ದೀಪಕ್ಕೂ ಹಾಕೂದಿಲ್ಲ.” ಆಮೇಲೆ ನೀಲವ್ವನ ಕಡೆ ತಿರುಗಿದ. ದನಿ ಸಣ್ಣದಾಯಿತು. “ತಂಗಿ, ನೀ ಹೂಡಿದೇನ?”

“ಇಲ್ಲಣ್ಣ.”

ಪ್ರಭುಲಿಂಗಪ್ಪ ಉಸಿರು ಬಿಟ್ಟು ಕಟ್ಟೆಯ ಮೇಲೆ ಕೂತ. “ಇಷ್ಟ ದೂರ ಕೇಳ್ಸೂದಿಲ್ಲಂತ ಗೊತ್ತೈತಿ. ಆದ್ರೂ ಮುಂಜಾನಿಂದ ನಿನ್ನ ಗಾಣಕ್ಕ ಕಿವಿಗೊಟ್ಟು ಕುಂತೀನಿ.”

ಒಂದು ವರ್ಷ ಒಂದೇ ಬೇವಿನ ಕೆಳಗೆ ಮುಖ ತಿರುಗಿಸಿ ಕೂತ ಮನುಷ್ಯ ಇವನೇ ಏನು ಎಂದು ನೀಲವ್ವ ನೋಡಿದಳು.

ವಕೀಲರು ತಕ್ಕಡಿ ಬಿಚ್ಚಲೇ ಇಲ್ಲ. ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಏನು ಬರೆದಿರೆಂದು ನೀಲವ್ವ ಕೇಳಿದಾಗ ಓದಿದರು: “ಸೋಮವಾರದ ದಿನ ಎರಡೂ ಗಾಣ ನೋಡಿದೆ. ಎರಡೂ ಒಂದೇ ಕಾರಣಕ್ಕೆ ನಿಂತಿದ್ದವು. ಅವುಗಳ ನಡುವೆ ಯಾವ ವ್ಯತ್ಯಾಸವೂ ಕಂಡುಬರಲಿಲ್ಲ.”

ಪ್ರಭುಲಿಂಗಪ್ಪ ಧೋತರಕ್ಕೆ ಕೈ ಒರೆಸಿಕೊಂಡು ಎದ್ದು ಬಂದ.

“ಖರೇನ ಬರದೀರಿ. ಕೆಳಗ ನಂದೂ ಒಂದು ಹೆಬ್ಬಟ್ಟು ಒತ್ತಸ್ಕೋರಿ.”