ನಿನ್ನ ಬಿಟ್ಟರೆ ನೂರು ಜನ

"ಚಿನ್ನ ಸಾರ್, ಅಪ್ಪಟ ಚಿನ್ನ! ಅವನಂಥ ಮೆಕ್ಯಾನಿಕ್ ಎಷ್ಟು ಊರು ಸುತ್ತಿದ್ರೂ ಸಿಗಲ್ಲ. ಇವತ್ತೇ ಸೇರಿಸ್ಕೊಂಡ್ಬಿಡಿ. ನಮ್ಮದೇನೂ ಅಡ್ಡಿಯಿಲ್ಲ."

ಕೆಲಸ ಕೇಳಿ ಬಂದವನ ಹಳೇ ಯಜಮಾನನ ಹೊಗಳಿಕೆ ಫೋನಿನ ಸ್ಪೀಕರಿನಿಂದ ಸುರಿಯುತ್ತಿದ್ದಂತೆ ಲಿಫ್ಟ್ ರಿಪೇರಿ ಕಂಪನಿಯ ಯಜಮಾನನ ಮುಖ ಅರಳಿತು. ಕಂಪನಿ ಎಂದರೆ ಅವನು, ಫೋನು ಕಾಗದಪತ್ರ ನೋಡಿಕೊಳ್ಳುವ ಹೆಂಡತಿ, ಒಬ್ಬ ಮೆಕ್ಯಾನಿಕ್. ಸದಾ ಗೊಣಗುತ್ತಲೇ ಕೆಲಸ ಮಾಡುತ್ತಿದ್ದುದರಿಂದ ಆ ಮೆಕ್ಯಾನಿಕ್ ಎಲ್ಲರ ಬಾಯಲ್ಲಿ ಗೊಣಗಪ್ಪ. ಹನ್ನೊಂದು ದಿನದ ಹಿಂದೆ ಒಂದು ಜಗಳದಲ್ಲಿ ಯಜಮಾನ, "ನಿನ್ನ ಬಿಟ್ಟರೆ ನೂರು ಜನ ಸಿಕ್ತಾರೆ" ಎಂದುಬಿಟ್ಟಿದ್ದ. ಗೊಣಗಪ್ಪ ಅಂದೇ ಮೆಟ್ಟಿಲಿಳಿದು ಹೋಗಿದ್ದ. ಆ ನೂರರಲ್ಲಿ ಇವತ್ತಿನವರೆಗೆ ಬಂದವರು ಇಬ್ಬರು. ಇಬ್ಬರೂ ಈಗ ಹೊರಗಿನ ಬೆಂಚಿನ ಮೇಲಿದ್ದರು. ನಾಳೆ ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಯ ಎರಡು ಲಿಫ್ಟುಗಳ ತಪಾಸಣೆ. ಮೆಕ್ಯಾನಿಕ್ ಇಲ್ಲದೆ ಹೋದರೆ ಆ ಗುತ್ತಿಗೆ ದೊಡ್ಡ ಕಂಪನಿಯ ಪಾಲು. ಆಸ್ಪತ್ರೆ ಕೈಬಿಟ್ಟರೆ ಇವರು ಬಾಗಿಲು ಹಾಕಿದಂತೆಯೇ. ಯಜಮಾನನೇ ಇಳಿದು ಮಾಡೋಣವೆಂದರೆ, ಅವನ ಮೊಣಕಾಲು ಏಣಿಯ ಸಹವಾಸ ಬಿಟ್ಟು ವರ್ಷಗಳಾಗಿದ್ದವು.

"ಮುಗೀತು. ಮೊದಲನೆಯವನೇ," ಎಂದು ಅವನು ಫೋನಿಟ್ಟ.

"ಚಿನ್ನವನ್ನ ಯಾರಾದ್ರೂ ಬೀದಿಗೆ ಎಸೀತಾರೇನ್ರೀ?" ಎಂದಳು ಹೆಂಡತಿ. "ಎರಡನೆಯವರ ಹಳೇ ಯಜಮಾನ್ರಿಗೂ ಒಂದು ಫೋನ್ ಹಾಕಿ."

ಆ ಕಡೆಯ ಮುದುಕ ಹೆಸರು ಕೇಳಿದ್ದೇ ತಡ, ಕಿಡಿಕಿಡಿಯಾದ. "ಆ ಮೊಂಡನಾ? ಬೇಡ ಸ್ವಾಮಿ, ನನ್ನ ಗತಿ ನಿಮಗೆ ಬೇಡ. ಉಕ್ಕಿನ ಹಗ್ಗದಲ್ಲಿ ಒಂದೇ ಒಂದು ಎಳೆ ಕಿತ್ತಿದೆ ಅಂತ ಆರು ಮಹಡಿಯ ಲಿಫ್ಟನ್ನ ಎರಡು ದಿನ ನಿಲ್ಲಿಸ್ದ! ಜನ ನನ್ನ ಜೀವ ತಿಂದ್ರು. ಓಡಿಸೋ ಅಂದ್ರೆ, 'ಮೊದಲು ನೀವು ಹತ್ತಿ, ಆಮೇಲೆ ಓಡಿಸ್ತೀನಿ' ಅಂತಾನೆ. ಯಜಮಾನನಿಗೆ ಹೇಳೋ ಮಾತಾ ಅದು? ಎಂಟು ವರ್ಷ ಜೊತೆಗಿದ್ದವನು, ಒಂದು ಮಾತು ಅಂದೆ ಅಂತ ಬಿಟ್ಟುಹೋದ!"

ಕಾಲು ಗಂಟೆಯಾದ ಮೇಲೆ ಬೈಗುಳ ಉಸಿರು ಸಾಲದೆ ನಿಂತಿತು. ಆಮೇಲೆ ಅದೇ ದನಿ ಮೆತ್ತಗಾಯಿತು. "ಊಟದ ಡಬ್ಬಿ ಇಲ್ಲೇ ಬಿಟ್ಟಿದಾನೆ. ಬಂದು ತಗೊಂಡು ಹೋಗೋಕೆ ಹೇಳಿ... ಬೆನ್ನುನೋವು ಹೇಗಿದೆಯಂತೆ ಈಗ?"

"ಕೇಳಿದ್ಯಲ್ಲ?" ಯಜಮಾನ ಹೆಂಡತಿಯತ್ತ ತಿರುಗಿದ. "ಇಂಥ ತಲೆನೋವು ನಮಗೆ ಬೇಡ."

"ಇಷ್ಟು ಹೊತ್ತು ಬೈದ್ರಲ್ಲ, ಕೆಲಸ ಬರಲ್ಲ ಅಂತ ಒಂದು ಸಲ ಅಂದ್ರಾ? ಹೋದ ವಾರ ಯಾರೋ ಗೊಣಗಪ್ಪನ ಬಗ್ಗೆ ವಿಚಾರಿಸಿದಾಗ ನೀವೂ ಇದೇ ರಾಗ ಎಳೆದ್ರಿ. ಪಕ್ಕದಲ್ಲೇ ಇದ್ನಲ್ಲ ನಾನು."

ಯಜಮಾನ ಮುಖ ತಿರುಗಿಸಿದ. ಬಾಗಿಲ ಹಿಂದಿನ ಮೊಳೆಯಲ್ಲಿ ಗೊಣಗಪ್ಪನ ಕಪ್ಪು ಕೊಡೆ ಇನ್ನೂ ತೂಗುತ್ತಿತ್ತು. ಮೊನ್ನೆ ಗುಡಿಸುವಾಗ ಹೆಂಡತಿ ಅದನ್ನು ತೆಗೆದಿಡಲು ಹೋದರೆ, 'ಇರಲಿ ಬಿಡು' ಎಂದವನು ಅವನೇ.

"ಕೈಲಿರೋದೂ ಹೋಗುತ್ತೆ ಕಣೆ" ಎಂದು ಅವನು ಅನ್ನುತ್ತಿರುವಾಗಲೇ ಅವಳು ಚಿನ್ನವನ್ನು ಮರ್ಯಾದೆಯಿಂದ ಕಳಿಸಿಕೊಟ್ಟು ಮೊಂಡನನ್ನು ಒಳಗೆ ಕರೆದಳು. ಆತ ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಸಂಬಳದ ಸುದ್ದಿ ಎತ್ತಲಿಲ್ಲ. "ಆಸ್ಪತ್ರೆ ಲಿಫ್ಟಿನ ಹಗ್ಗ ಬದಲಾಯಿಸಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾಳೆ ಎಂಟಕ್ಕೆ ಬರ್ತೀರಾ?"

"ಬರ್ತೀನಿ ಸಾರ್." ಎದ್ದು ಬಾಗಿಲವರೆಗೆ ಹೋದವನು ನಿಂತ. "ನಮ್ಮ ಯಜಮಾನ್ರಿಗೆ ಫೋನ್ ಮಾಡಿದ್ರಲ್ಲ. ಏನಂದ್ರು?"

"ಬೈದ್ರು."

ಅದು ನಿಜವೇ. ಅಲ್ಲಿಗೇ ಬಾಯಿ ಮುಚ್ಚಿದ್ದರೆ ನಾಳೆಯ ಚಿಂತೆ ತಪ್ಪುತ್ತಿತ್ತು. ಆದರೆ ಆತ ನಿಂತಿದ್ದದ್ದು ಆ ಕೊಡೆಯ ಪಕ್ಕದಲ್ಲೇ. ಯಜಮಾನ ಮುಂದುವರಿಸಿದ. "ಡಬ್ಬಿ ಅಲ್ಲೇ ಇದೆಯಂತೆ, ತಗೊಂಡು ಹೋಗಬೇಕಂತೆ. ಮತ್ತೆ... ನಿಮ್ಮ ಬೆನ್ನುನೋವು ಹೇಗಿದೆ ಅಂತ ಕೇಳಿದ್ರು."

"ಯಾರು, ನಮ್ಮ ಯಜಮಾನ್ರಾ?" ಆತ ಬಾಗಿಲ ಚೌಕಟ್ಟು ಹಿಡಿದುಕೊಂಡ. "ನೋವಿದೆ ಅಂತ ನಾನು ಅವರಿಗೆ ಹೇಳೇ ಇಲ್ಲವಲ್ಲ."

ಆತ ಚಪ್ಪಲಿ ಮೆಟ್ಟಿಕೊಂಡ. "ಒಂದ್ಸಲ ಹೋಗಿ ಡಬ್ಬಿ ತಂದ್ಬಿಡ್ತೀನಿ ಸಾರ್" ಎಂದವನೇ ಹೊರಟ. ಬೆನ್ನುನೋವಿನ ಮನುಷ್ಯ ಎರಡೆರಡು ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು.

"ಡಬ್ಬಿ ತರೋಕೆ ಹೋದವರು ಇನ್ನು ಅಲ್ಲೇ ಊಟಕ್ಕೆ ಕೂರ್ತಾರೆ" ಎಂದಳು ಹೆಂಡತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೇಜಿನ ಮೇಲಿದ್ದ ಫೋನನ್ನು ಮೆಲ್ಲಗೆ ಗಂಡನ ಕಡೆ ಸರಿಸಿದಳು.

ಗೊಣಗಪ್ಪನ ನಂಬರು ಹುಡುಕಬೇಕಾಗಲಿಲ್ಲ, ಬೆರಳಿಗೇ ಬಾಯಿಪಾಠವಾಗಿತ್ತು. ಒಂದೇ ರಿಂಗಿಗೆ ಆ ಕಡೆ ಅವನು ಎತ್ತಿದ. 'ತಪ್ಪಾಯ್ತು, ವಾಪಸ್ ಬಾ' ಎಂಬಷ್ಟೇ ಮಾತು, ಎರಡು ಮಹಡಿಯ ನಡುವೆ ಕೆಟ್ಟು ನಿಂತ ಲಿಫ್ಟಿನಂತೆ ಯಜಮಾನನ ಗಂಟಲಲ್ಲಿ ಸಿಕ್ಕಿಕೊಂಡಿತು.

"ಏನಯ್ಯಾ," ಎಂದ ಕೊನೆಗೆ, "ನಿನ್ನ ಕೊಡೆ ಇಲ್ಲೇ ಮರೆತು ಹೋಗಿದೀಯಲ್ಲ."

ಆ ಕಡೆಯಿಂದ ಗೊಣಗಪ್ಪ ಗೊಣಗಿದ:

"ಮರೆತೆ ಅಂತ ಯಾರಂದ್ರು?"