ಯಾವ ತೋಟದ್ದು

ನಯನ ಒಣಗಿದ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಒಳಗಿನ ಸದ್ದಿನ ಕಡೆ ಗಮನವೇ ಹೋಗಲಿಲ್ಲ. ಮಂಡಿ ಸಾಹುಕಾರ ಗಂಗಾಧರಯ್ಯ ಈಗಷ್ಟೇ ಆಡಿದ ಮಾತು ತಲೆಯಲ್ಲಿ ಕೊರೆಯುತ್ತಿತ್ತು. "ಉಜ್ವಲ್ ಬೆಂಗಳೂರಿನ ದೊಡ್ಡ ಯೂನಿವರ್ಸಿಟೀಲಿ ಓದ್ಕೊಂಡು ಬಂದೋನು ಕಣಮ್ಮ, ತಿಂಗಳಿಗೆ ನಲವತ್ತು ಸಾವಿರ ಸಂಬಳ ಕೊಡ್ಲೇಬೇಕು. ನೀನು ಇಲ್ಲೇ ಊರ ಕಾಲೇಜಲ್ಲಿ ಓದಿದೋಳು. ಹದಿನೆಂಟು ಸಾಕು ಬುಡು."

ಇಬ್ಬರದೂ ಅದೇ ಬಿ.ಕಾಂ. ಮೂರು ವರ್ಷದಿಂದ ಈ ಕೊಬ್ಬರಿ ಮಂಡಿ ನಡೆಸಿಕೊಂಡು ಬಂದವಳು ಅವಳು. ಮೊನ್ನೆ ಸೇರಿದ ಉಜ್ವಲ್‌ಗೆ ಕೆಲಸ ಕಲಿಸುತ್ತಿರುವವಳೂ ಅವಳೇ. ಮೈಯೆಲ್ಲ ಉರಿದುಹೋಯಿತು. ಕಾಯಿಯನ್ನು ಪಕ್ಕದಲ್ಲಿದ್ದ ಅವನ ಕೈಗೇ ಹಾಕಿದಳು. "ಒಣಗಿದೆಯೋ ಇಲ್ಲವೋ, ನೀವೇ ನೋಡಿ ಹೇಳಿ."

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ಕಾಯಿ ತಂದಿದ್ದ ಕಂದಿಕೆರೆಯ ರೈತನನ್ನು ಕೇಳಿದ, "ಇದು ಯಾವ ತೋಟದ್ದು?"

ಗಂಗಾಧರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. "ತೋಟದ ಹೆಸರು ಕಟ್ಕೊಂಡು ಏನ್ ಮಾಡ್ತೀಯಪ್ಪ? ಅಲ್ಲಾಡಿಸಿ ನೋಡು. ಒಳಗೆ ಕೊಬ್ಬರಿ ಲೊಡಲೊಡ ಅಂದ್ರೆ ಆಯ್ತು, ಯಾವ ತೋಟದ್ದಾದ್ರೂ ಒಂದೇ ರೇಟು." ನಯನಳೂ ನಗಲಿ ಎಂದು ಅವಳತ್ತ ತಿರುಗಿದರು. ಅವಳು ನಗದೆ ಅವರನ್ನೇ ನೋಡುತ್ತ ನಿಂತಿದ್ದಳು. ಸಾಹುಕಾರರ ನಗು ನಿಧಾನಕ್ಕೆ ಇಂಗಿತು.