ಸಿಕ್ಕು ಬಿಡಿಸುವ ಕೈ

“ನೋವಾಯ್ತಾ, ಅಜ್ಜಿ?” ಎಂದು ಕೇಳಿದ ಮೇಲೆಯೇ ಅವಳಿಗೆ ತಾನು ಕೂತಿರುವುದು ಸ್ವಂತ ಮನೆಯಲ್ಲಿ, ಬಾಚುತ್ತಿರುವುದು ಮಗಳ ತಲೆ ಎಂಬುದು ನೆನಪಾಯಿತು.

ಕೇರಿಯವರ ಬಾಯಲ್ಲಿ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಬೆಳಗ್ಗೆ ಬೇಕರಿಯಲ್ಲಿ ಟ್ರೇಗಳನ್ನು ತಿಕ್ಕಿ, ಮಧ್ಯಾಹ್ನವೆಲ್ಲ ಹಾಸಿಗೆ ಹಿಡಿದ ಅಜ್ಜಿಯೊಬ್ಬರ ಆರೈಕೆ ಮಾಡಿ ಈಗಷ್ಟೇ ಬಂದಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. “ಮೂಲೆಮನೆ ಬಾಣಂತಿ ಮಗು ಅಳು ನಿಲ್ಲಿಸ್ತಾ ಇಲ್ಲ ಕಣೆ. ನೀನು ಎತ್ಕೊಂಡ್ರೇನೇ ಅದು ಸುಮ್ನಾಗೋದು.”

“ಇವಳಿಗೊಂದು ಜಡೆ ಹಾಕಿ ಬಂದೆ ಅಕ್ಕಾ, ನೀವು ನಡೀರಿ,” ಎಂದು ತಿರುಗಿಯೂ ನೋಡದೆ ಹೇಳಿ ಬಾಚಣಿಗೆ ಕೈಗೆತ್ತಿಕೊಂಡಿದ್ದಳು.

ಈ ಮನೆಯಲ್ಲಿ ಜಡೆ ಎಂದರೆ ದಿನವೂ ಜಗಳವೇ. ಅವಸರದಲ್ಲಿ ಅವಳು ಬುಡದಿಂದಲೇ ಎಳೆಯುತ್ತಿದ್ದಳು, ಮಗಳು ಕಿರುಚುತ್ತಿದ್ದಳು. ಇವತ್ತು ದಣಿದ ಕೈ ತನ್ನಷ್ಟಕ್ಕೇ ಆ ಅಜ್ಜಿಯ ನರೆಗೂದಲನ್ನು ಬಾಚುವಂತೆ ಬಾಚಿತ್ತು. ಎಡಗೈಯಲ್ಲಿ ಬುಡವನ್ನು ಒತ್ತಿ ಹಿಡಿದು, ತುದಿಯಿಂದ ಶುರುಮಾಡಿ, ಒಂದೊಂದೇ ಸಿಕ್ಕನ್ನು ಬೆರಳಿನಿಂದ ಬಿಡಿಸುತ್ತಾ ಬಂದಿತ್ತು.

ಅಜ್ಜಿ ಎಂದು ಕರೆದದ್ದಕ್ಕೆ ಮಗಳು ನಗುತ್ತಾಳೆ, ಇಲ್ಲವೇ ಮುನಿಸಿಕೊಳ್ಳುತ್ತಾಳೆ ಎಂದು ಅವಳು ಕಾದಳು. ಮಗಳು ಎರಡೂ ಮಾಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೂತಿದ್ದವಳು ತಲೆಯನ್ನು ಇನ್ನಷ್ಟು ಹಿಂದಕ್ಕೆ, ತಾಯಿಯ ಕೈಗೆ ವಾಲಿಸಿದಳು.

“ನೋವಾಗ್ಲಿಲ್ಲ,” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ಅಮ್ಮಾ, ನಾಳೇನೂ ನನ್ನನ್ನ ಅಜ್ಜಿ ಅಂತಾನೇ ಅಂದ್ಕೊಂಡು ಬಾಚ್ತೀಯಾ?”